ಮೊಬೈಲ್ ನೆಟ್‌ವರ್ಕ್‌ನ ಇಂಗಾಲದ ಲೆಕ್ಕ: ನಾವು ಮಾಡಿದ ಬಗೆ

ಟೆಲಿಕಾಂ ಕಂಪನಿಯೊಂದರಲ್ಲಿ ಇಂಗಾಲದ ಲೆಕ್ಕ ಇಡುವುದು ನನ್ನ ಕೆಲಸ. ಇದಕ್ಕೆ ಮೊದಲು ಸೈಟ್‌ಗಳ, ಅಂದರೆ ಟವರ್ ಇರುವ ಜಾಗಗಳ, ವಿದ್ಯುತ್ ವ್ಯವಸ್ಥೆ ನೋಡಿಕೊಳ್ಳುತ್ತಿದ್ದೆ. ಹಾಗಾಗಿ ನಾನು ಲೆಕ್ಕ ಶುರು ಮಾಡಿದ್ದೇ ಅಲ್ಲಿನ ಜನರೇಟರ್‌ಗಳ ಡೀಸೆಲ್‌ನಿಂದ.

ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಲೀಟರ್ ಡೀಸೆಲ್ ಒಂದು ಕಿಲೋ ಕೂಡ ತೂಗುವುದಿಲ್ಲ, ಇಷ್ಟು ಹೇಗೆ ಬಂತು ಅಂತ ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಉರಿಯುವಾಗ ಅದರಲ್ಲಿರುವ ಇಂಗಾಲ ಗಾಳಿಯ ಆಮ್ಲಜನಕವನ್ನು ಸೇರಿಸಿಕೊಳ್ಳುತ್ತದೆ. ಹೆಚ್ಚಿನ ತೂಕ ಆ ಆಮ್ಲಜನಕದ್ದು.

ಗುಣಾಕಾರ ಸುಲಭ. ಎಷ್ಟು ಲೀಟರ್ ಉರಿಯಿತು ಅಂತ ತಿಳಿಯುವುದೇ ಕಷ್ಟ. ಡೀಸೆಲ್ ಬಿಲ್ ಒಂದು ಹೇಳುತ್ತದೆ, ಜನರೇಟರ್ ಎಷ್ಟು ಗಂಟೆ ಓಡಿತು ಅಂತ ತೋರಿಸುವ ಮೀಟರ್ ಇನ್ನೊಂದು ಹೇಳುತ್ತದೆ. ಎರಡನ್ನೂ ಸೈಟ್‌ವಾರು ಪಕ್ಕಪಕ್ಕ ಇಟ್ಟೆವು. ತಾಳೆಯಾಗದ ಕಡೆ ಟ್ಯಾಂಕ್‌ಗೆ ಸೆನ್ಸರ್ ಹಾಕಿಸಿದೆವು. ಆಗ ಇನ್ನೊಂದು ವಿಷಯ ಎದ್ದು ಕಂಡಿತು. ಎಷ್ಟೋ ಸೈಟ್‌ಗಳಲ್ಲಿ ಜನರೇಟರ್ ದೊಡ್ಡದು, ಲೋಡ್ ಚಿಕ್ಕದು. ಕಡಿಮೆ ಲೋಡ್‌ನಲ್ಲಿ ಓಡುವ ಜನರೇಟರ್ ಪ್ರತಿ ಯೂನಿಟ್‌ಗೂ ಜಾಸ್ತಿ ಡೀಸೆಲ್ ಕುಡಿಯುತ್ತದೆ. ಅಂಥ ಕಡೆ ಲಿಥಿಯಂ ಬ್ಯಾಟರಿ ಕೂರಿಸಿದೆವು. ಈಗ ಜನರೇಟರ್ ಸ್ವಲ್ಪ ಹೊತ್ತು ಸರಿಯಾದ ಲೋಡ್‌ನಲ್ಲಿ ಓಡಿ ಬ್ಯಾಟರಿ ತುಂಬಿಸುತ್ತದೆ, ಆಮೇಲೆ ನಿಲ್ಲುತ್ತದೆ. ಹಳೆಯ ಲೆಡ್ ಆ್ಯಸಿಡ್ ಬ್ಯಾಟರಿಯಿಂದ ಈ ಕೆಲಸ ಆಗುವುದಿಲ್ಲ. ಅದು ನಿಧಾನವಾಗಿ ಚಾರ್ಜ್ ಆಗುತ್ತದೆ, ಪದೇಪದೇ ಪೂರ್ತಿ ಖಾಲಿಯಾದರೆ ಬೇಗ ಸಾಯುತ್ತದೆ.

ಡೀಸೆಲ್ ಆದ ಮೇಲೆ ಕರೆಂಟ್. ಟೆಲಿಕಾಂ ಕಂಪನಿಯ ಕರೆಂಟ್ ಹೆಚ್ಚಾಗಿ ಹೋಗುವುದು ಆಫೀಸ್‌ಗಳಿಗಲ್ಲ, ಟವರ್ ಮೇಲಿನ ರೇಡಿಯೊಗಳಿಗೆ, ಅಂದರೆ ಮೊಬೈಲ್ ಸಿಗ್ನಲ್ ಕಳಿಸುವ ಉಪಕರಣಗಳಿಗೆ. ಯಾರೂ ಮಾತಾಡದ ನಡುರಾತ್ರಿಯಲ್ಲೂ ರೇಡಿಯೊ ಸುಮ್ನೆ ವಿದ್ಯುತ್ ಎಳೆಯುತ್ತಲೇ ಇರುತ್ತದೆ. ಒಂದೇ ಜಾಗಕ್ಕೆ ಎರಡು ಮೂರು ಬ್ಯಾಂಡ್ (ಸಿಗ್ನಲ್ ಹೋಗುವ ಆವರ್ತನದ ಪಟ್ಟಿ) ತಲುಪುತ್ತಿದ್ದರೆ, ರಾತ್ರಿ ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಮಲಗಿಸಬಹುದು. ನೆಟ್‌ವರ್ಕ್ ತಂಡಕ್ಕೆ ಇದರಲ್ಲಿ ಭಯ ಇತ್ತು. ಆ ಭಯ ಸರಿಯಾದದ್ದೇ ಅನ್ನುವುದು ನನ್ನ ಅಭಿಪ್ರಾಯ. ತುರ್ತು ಕರೆ ಒಂದು ಸಲ ತಪ್ಪಿದರೂ ಉಳಿಸಿದ ಯೂನಿಟ್‌ಗೆ ಬೆಲೆ ಇಲ್ಲ. ಅದಕ್ಕೇ ದೂರದವರೆಗೆ ತಲುಪುವ ಕೆಳಗಿನ ಬ್ಯಾಂಡನ್ನು ಮುಟ್ಟದೆ, ಮೇಲಿನ ಬ್ಯಾಂಡ್‌ಗಳನ್ನು ಮಾತ್ರ ಮಲಗಿಸಿದೆವು.

ಕರೆಂಟ್‌ನ ಇಂಗಾಲವನ್ನು ಎರಡು ರೀತಿಯಲ್ಲಿ ತೋರಿಸಬೇಕು. ಒಂದು, ಗ್ರಿಡ್‌ನ ಸರಾಸರಿ ಹಿಡಿದು. ಇನ್ನೊಂದು, ನಾವು ಮಾಡಿಕೊಂಡ ಖರೀದಿ ಒಪ್ಪಂದ ಮತ್ತು ಹಸಿರು ವಿದ್ಯುತ್ತಿನ (ಬಿಸಿಲು, ಗಾಳಿಯಂಥ ಮೂಲದ ವಿದ್ಯುತ್ತಿನ) ಸರ್ಟಿಫಿಕೇಟ್‌ಗಳನ್ನು ಹಿಡಿದು. ಸರ್ಟಿಫಿಕೇಟ್ ಕೊಂಡರೆ ಎರಡನೆಯದು ಸೊನ್ನೆಗೂ ಇಳಿಯಬಹುದು, ಆದರೆ ಮೀಟರ್ ಅಷ್ಟೇ ಓಡುತ್ತಿರುತ್ತದೆ. ವರದಿಯಲ್ಲಿ ಎರಡನ್ನೂ ಕೊಡುತ್ತೇವೆ. ತಂಡಗಳಿಗೆ ಕೊಡುವ ಗುರಿ ಮಾತ್ರ ಯೂನಿಟ್ ಮತ್ತು ಲೀಟರ್‌ನಲ್ಲಿ ಇರುತ್ತದೆ.

ಎಸಿ ಗ್ಯಾಸ್ ಬಗ್ಗೆ ಒಂದು ಮಾತು. ಆರ್-410ಎ ಎಂಬ ಎಸಿ ಗ್ಯಾಸ್ ಒಂದು ಕಿಲೋ ಸೋರಿದರೆ ಅದು ಸುಮಾರು ಎರಡು ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಗ್ಯಾಸ್ ತುಂಬಿಸಿದ ರಸೀದಿಗಳನ್ನು ಎಸೆಯಬೇಡಿ, ಲೆಕ್ಕ ಅಲ್ಲೇ ಇರುತ್ತದೆ.

ಗುರಿ ಹಾಕುವಾಗ ಜೋರು ಚರ್ಚೆ ನಡೆಯಿತು. ಒಂದು ಜಿಬಿ ಡೇಟಾಗೆ ಇಷ್ಟು ಇಂಗಾಲ ಅಂತ ಗುರಿ ಇಡೋಣ ಎಂದರು ಕೆಲವರು. ನಾನು ಒಪ್ಪಲಿಲ್ಲ. ಜನ ನೋಡುವ ವಿಡಿಯೊ ವರ್ಷವರ್ಷ ಹೆಚ್ಚುತ್ತದೆ, ಹೊಸ ಉಪಕರಣ ಮೊದಲಿಗಿಂತ ಚುರುಕಾಗಿರುತ್ತದೆ. ನಾವು ಏನೂ ಮಾಡದಿದ್ದರೂ ಆ ಅಂಕಿ ತಾನಾಗಿ ಇಳಿಯುತ್ತದೆ, ಒಟ್ಟು ಹೊಗೆ ಏರುತ್ತಿದ್ದರೂ ಇಳಿಯುತ್ತದೆ. ಹವಾಮಾನಕ್ಕೆ ಲೆಕ್ಕಕ್ಕೆ ಬರುವುದು ಒಟ್ಟು ಟನ್ ಅಲ್ವಾ? ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2020ರಲ್ಲಿ ಹೇಳಿದ್ದೂ ಒಟ್ಟು ಪ್ರಮಾಣದ ಬಗ್ಗೆಯೇ. ತಾಪಮಾನ ಏರಿಕೆ 1.5 ಡಿಗ್ರಿಯೊಳಗೆ ನಿಲ್ಲಬೇಕಾದರೆ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ ಕ್ಷೇತ್ರದ ಹೊರಸೂಸುವಿಕೆ 2020ರಿಂದ 2030ರೊಳಗೆ ಶೇ. 45ರಷ್ಟು ಇಳಿಯಬೇಕು. ಕೊನೆಗೆ ಒಟ್ಟು ಟನ್‌ನ ಗುರಿಯೇ ನಿಂತಿತು.

ಇದಕ್ಕಿಂತ ಸೂಕ್ಷ್ಮವಾದದ್ದು ಟವರ್ ಮಾರಾಟ. ಟವರ್‌ಗಳನ್ನು ಬೇರೆ ಕಂಪನಿಗೆ ಮಾರಿ ಬಾಡಿಗೆಗೆ ಪಡೆಯುವುದು ಈ ಉದ್ಯಮದಲ್ಲಿ ಮಾಮೂಲು. ಮಾರಿದ ಮರುದಿನ ಆ ಡೀಸೆಲ್ ನಮ್ಮ ಸ್ಕೋಪ್ 1ರಿಂದ (ಕಂಪನಿಯಿಂದ ನೇರವಾಗಿ ಬರುವ ಹೊರಸೂಸುವಿಕೆಯ ಲೆಕ್ಕದಿಂದ) ಮಾಯವಾಗುತ್ತದೆ. ಜನರೇಟರ್ ಅದೇ, ಹೊಗೆಯೂ ಅದೇ. ಇಂಥ ದೊಡ್ಡ ಬದಲಾವಣೆ ಆದಾಗ ಮೂಲ ವರ್ಷದ (ಹೋಲಿಕೆಗೆ ಹಿಡಿದ ವರ್ಷದ) ಲೆಕ್ಕವನ್ನೂ ತಿದ್ದಬೇಕು ಎನ್ನುತ್ತದೆ ಇಂಗಾಲದ ಲೆಕ್ಕದ ನಿಯಮಾವಳಿಯಾದ ಜಿಎಚ್‌ಜಿ ಪ್ರೋಟೋಕಾಲ್. ನಾವು ಅದನ್ನು ತಿದ್ದಿ, ಬಾಡಿಗೆ ಟವರ್‌ಗಳ ಡೀಸೆಲನ್ನು ಸ್ಕೋಪ್ 3ರಲ್ಲಿ (ನಮಗಾಗಿ ಬೇರೆಯವರ ಕಡೆ ಆಗುವ ಹೊರಸೂಸುವಿಕೆಯ ಲೆಕ್ಕದಲ್ಲಿ) ಬೇರೆ ಸಾಲಾಗಿ ತೋರಿಸಿದೆವು. ಪ್ರತಿ ತಿಂಗಳು ಸೈಟ್‌ವಾರು ಲೀಟರ್ ಕೊಡಬೇಕು ಅಂತ ಬಾಡಿಗೆ ಕರಾರಿನಲ್ಲೇ ಬರೆಸಿದೆವು. ಈ ಒಂದು ಷರತ್ತಿಗಾಗಿ ಹೋರಾಡಿದ್ದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ.

ಸ್ಕೋಪ್ 3ರ ಉಳಿದ ಭಾಗ ಇನ್ನೂ ನಡೆಯುತ್ತಿದೆ. ಮೊದಲು ಖರೀದಿಯ ಹಣವನ್ನು ಒಂದು ರೂಪಾಯಿಗೆ ಇಷ್ಟು ಇಂಗಾಲ ಎಂಬ ಅಂಕಿಯಿಂದ ಗುಣಿಸಿ ಅಂದಾಜು ಮಾಡುತ್ತಿದ್ದೆವು. ಆ ದಾರಿಯಲ್ಲಿ ಚೌಕಾಸಿ ಮಾಡಿ ಬೆಲೆ ಇಳಿಸಿದರೂ ಇಂಗಾಲ ಇಳಿದ ಹಾಗೆ ಕಾಣುತ್ತದೆ. ಈಗ ದೊಡ್ಡ ಉಪಕರಣ ತಯಾರಕರಿಂದ ಉತ್ಪನ್ನವಾರು ಲೆಕ್ಕ ಕೇಳುತ್ತಿದ್ದೇವೆ. ಫೈಬರ್‌ಗೆ ನೆಲ ಅಗೆಯುವ ಚಿಕ್ಕ ಗುತ್ತಿಗೆದಾರರಿಗೆ ಉದ್ದನೆಯ ಪ್ರಶ್ನಾವಳಿ ಕಳಿಸುವುದಿಲ್ಲ. ಎಷ್ಟು ಡೀಸೆಲ್, ಎಷ್ಟು ಮೀಟರ್ ಅಗೆತ, ಇಷ್ಟೇ ಕೇಳುತ್ತೇವೆ. ಉತ್ತರ ಬರುತ್ತದೆ.