ಬಟನ್‌ಗಳಿಗೆಲ್ಲ ಟೇಪ್ ಅಂಟಿಸಿ ನೋಡಿದೆ

ಯಾವ ಬಟನ್ ನನಗೆ ನಿಜವಾಗಿ ಬೇಕು ಅಂತ ತಿಳಿಯಲು ನಾನು ಮಾಡಿದ್ದು ಇಷ್ಟೇ. ನನ್ನ ಆಟೋಫೋಕಸ್ (ತಾನೇ ಫೋಕಸ್ ಮಾಡುವ) ಫಿಲ್ಮ್ ಕ್ಯಾಮೆರಾ ಬಾಡಿಯ ಎಲ್ಲ ಬಟನ್, ಡಯಲ್‌ಗಳ ಮೇಲೆ ಪೇಪರ್ ಟೇಪ್ ಅಂಟಿಸಿದೆ. ಶಟರ್ ಸ್ಪೀಡ್, ಅಪರ್ಚರ್ (ಲೆನ್ಸ್‌ನಲ್ಲಿ ಬೆಳಕು ಬರುವ ರಂಧ್ರ), ಕ್ಲಿಕ್ ಬಟನ್ ಮಾತ್ರ ಬಿಟ್ಟೆ. ಶೂಟ್ ಮಾಡುವಾಗ ಏನಾದರೂ ಬೇಕೇ ಬೇಕು ಅನಿಸಿದರೆ ಅದರ ಟೇಪ್ ಕೀಳುವುದು. ಒಮ್ಮೆ ಕಿತ್ತಿದ್ದನ್ನು ಮತ್ತೆ ಅಂಟಿಸುವ ಹಾಗಿಲ್ಲ. ಹತ್ತಿಪ್ಪತ್ತು ರೋಲ್ ಆದ ಮೇಲೂ ಟೇಪ್ ಉಳಿದಿದ್ದರೆ ಆ ಫೀಚರ್ ನನಗಲ್ಲ.

ಜೊತೆಯವರು ಯಾರೂ ಒಪ್ಪಲಿಲ್ಲ. "ಫಿಲ್ಮ್ ಬೆಲೆ ಈ ಪಾಟಿ ಏರಿರುವಾಗ ಆಟ ಆಡ್ತೀಯಾ? ಫ್ರೇಮಿನ ಎಲ್ಲ ಭಾಗದ ಬೆಳಕು ನೋಡಿ ಲೆಕ್ಕ ಹಾಕೋ ಮ್ಯಾಟ್ರಿಕ್ಸ್ ಮೀಟರ್, ಆಟೋಫೋಕಸ್ ಇರೋದೇ ರೋಲ್ ಉಳಿಸೋಕೆ" ಅಂದರು. ಮೊದಲ ಕೆಲವು ರೋಲ್ ನೋಡಿದಾಗ ಅವರ ಮಾತೇ ಸರಿ ಅನ್ನುವ ಹಾಗಿತ್ತು. ಮೂರರಲ್ಲೊಂದು ಫ್ರೇಮ್ ಮಂಜು ಮಂಜು. ಕಾರಣ ವ್ಯೂಫೈಂಡರ್ ಒಳಗಿನ ಫೋಕಸಿಂಗ್ ಸ್ಕ್ರೀನ್. ಆಟೋಫೋಕಸ್ ಬಾಡಿಗಳ ಸ್ಕ್ರೀನ್‌ನಲ್ಲಿ ಸ್ಪ್ಲಿಟ್ ಇಮೇಜ್ (ಫೋಕಸ್ ಸರಿಯಾದಾಗ ಎರಡು ತುಂಡು ಚಿತ್ರ ಒಂದಾಗುವ ವೃತ್ತ) ಇರುವುದು ಅಪರೂಪ. ಲೆನ್ಸನ್ನು ಎಂ (ಮ್ಯಾನುಯಲ್) ಮೇಲೆ ಇಟ್ಟು ಕೈಯಲ್ಲಿ ತಿರುಗಿಸಿದರೆ ಎಲ್ಲಿ ಶಾರ್ಪ್ ಆಯಿತು ಅಂತ ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ದಾರಿ ಸಿಕ್ಕಿದ್ದು ಲೆನ್ಸ್ ಮೇಲಿನ ದೂರದ ಗುರುತುಗಳಲ್ಲಿ. 28 ಎಂಎಂ ಲೆನ್ಸ್, ಅಪರ್ಚರ್ ಎಫ್/8 (ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಚಿಕ್ಕದು), ಫೋಕಸ್ ಸುಮಾರು 3.3 ಮೀಟರ್‌ಗೆ. ಆಗ ಒಂದೂಮುಕ್ಕಾಲು ಮೀಟರ್‌ನಿಂದ ಅನಂತದವರೆಗೆ ಎಲ್ಲ ಸಾಕಷ್ಟು ಶಾರ್ಪ್. ಬೀದಿಯಲ್ಲಿ ನಡೆಯುವ ಜನರನ್ನು ತೆಗೆಯಲು ಇದಕ್ಕಿಂತ ವೇಗದ ಆಟೋಫೋಕಸ್ ನಾನು ಕಂಡಿಲ್ಲ. 50 ಎಂಎಂ ಲೆನ್ಸ್‌ನಲ್ಲಿ ಇದು ಅಷ್ಟು ಸುಲಭವಲ್ಲ. ಎಫ್/11ರಲ್ಲೂ ಫೋಕಸನ್ನು ಏಳೂವರೆ ಮೀಟರ್‌ವರೆಗೆ ತಳ್ಳಬೇಕಾಗುತ್ತದೆ.

ಮೊದಲು ಟೇಪ್ ಕಿತ್ತಿದ್ದು ಎಕ್ಸ್‌ಪೋಷರ್ ಕಾಂಪೆನ್ಸೇಷನ್‌ದು. ಮೀಟರ್ ಹೇಳಿದ್ದಕ್ಕಿಂತ ಹೆಚ್ಚು ಕಡಿಮೆ ಬೆಳಕು ಕೊಡಲು ಅದು. ಎದುರು ಬೆಳಕಿನಲ್ಲಿ ಮುಖ ತೆಗೆಯುವಾಗ ಅದಿಲ್ಲದೆ ಆಗಲಿಲ್ಲ. ಅದರ ಹಿಂದೆಯೇ ಎಕ್ಸ್‌ಪೋಷರ್ ಲಾಕ್, ಮೀಟರ್ ಓದಿದ್ದನ್ನು ಹಿಡಿದಿಡಲು. ಆಮೇಲೆ ಡೆಪ್ತ್ ಪ್ರಿವ್ಯೂ, ಎಲ್ಲಿಂದ ಎಲ್ಲಿಯವರೆಗೆ ಶಾರ್ಪ್ ಬರುತ್ತದೆ ಅಂತ ಮೊದಲೇ ನೋಡಲು. ತುಂಬಾ ದಿನ ಆದ ಮೇಲೆ ಸೆಲ್ಫ್ ಟೈಮರ್. ಅಲ್ಲಿಗೆ ಮುಗಿಯಿತು.

ಒಂದೇ ದೃಶ್ಯವನ್ನು ಬೇರೆ ಬೇರೆ ಎಕ್ಸ್‌ಪೋಷರ್‌ನಲ್ಲಿ ತೆಗೆಯುವ ಆಟೋ ಬ್ರಾಕೆಟಿಂಗ್ ಮೇಲಿನ ಟೇಪ್ ಕೊನೆವರೆಗೂ ಉಳಿಯಿತು. ಒಂದು ದೃಶ್ಯಕ್ಕೆ ಮೂರು ಫ್ರೇಮ್ ಅಂದರೆ 36ರ ರೋಲ್ 12 ಆಗುತ್ತದೆ, ಖರ್ಚು ಮೂರು ಪಟ್ಟು. ನೆಗೆಟಿವ್ ಫಿಲ್ಮ್‌ಗೆ ಅದು ಬೇಕಾಗಿಯೂ ಇಲ್ಲ. ನಾನು ಐಎಸ್‌ಒ 400ರ ಫಿಲ್ಮನ್ನು 200ಕ್ಕೆ ಇಟ್ಟು, ಅಂದರೆ ಎರಡು ಪಟ್ಟು ಬೆಳಕು ಕೊಟ್ಟು ತೆಗೆಯುತ್ತೇನೆ, ಡೆವಲಪ್ ಮಾಮೂಲಿ. ನೆರಳಲ್ಲಿ ಡೀಟೇಲ್ ಚೆನ್ನಾಗಿ ಬರುತ್ತದೆ, ಬೆಳಕಿನ ಭಾಗ ತಡೆದುಕೊಳ್ಳುತ್ತದೆ. ಸ್ಲೈಡ್ ಫಿಲ್ಮ್‌ಗೆ ಮಾತ್ರ ಹೀಗೆ ಮಾಡಬೇಡಿ.

ಕಂಟಿನ್ಯುಯಸ್ ಡ್ರೈವ್ ಕೂಡ ಹಾಗೆಯೇ ಉಳಿಯಿತು. 1996ರ ನಿಕಾನ್ ಎಫ್5 ಸೆಕೆಂಡಿಗೆ 8 ಫ್ರೇಮ್ ಹೊಡೆಯುತ್ತದೆ. ಅಂದರೆ ಒಂದು ರೋಲ್ ಐದು ಸೆಕೆಂಡಿನೊಳಗೆ ಖಾಲಿ! ಪತ್ರಿಕೆಯವರಿಗೆ ಬೇಕಿತ್ತು, ಅವರ ಫಿಲ್ಮ್ ಖರ್ಚು ಪತ್ರಿಕೆ ಕೊಡುತ್ತಿತ್ತು. ನನ್ನ ಖರ್ಚು ನನ್ನದೇ ಅಲ್ವಾ?

ಮ್ಯಾಟ್ರಿಕ್ಸ್ ಮೀಟರ್ ಬಗ್ಗೆ ಒಂದು ಮಾತು ಹೇಳಲೇಬೇಕು. 1983ರ ನಿಕಾನ್ ಎಫ್‌ಎ ಕಾಲದಿಂದ ಎಲ್ಲರೂ ಹೊಗಳಿದ ಫೀಚರ್ ಇದು. ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ಎದುರು ಬೆಳಕನ್ನು ಅದು ಈಗಾಗಲೇ ಲೆಕ್ಕಕ್ಕೆ ಹಿಡಿದಿದೆಯೋ ಇಲ್ಲವೋ ಅಂತ ನಮಗೆ ತಿಳಿಯುವುದಿಲ್ಲ. ಹಾಗಾಗಿ ಎಷ್ಟು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಸೇರಿಸಬೇಕು ಅನ್ನುವುದೂ ತಿಳಿಯುವುದಿಲ್ಲ. ಫ್ರೇಮಿನ ನಡುವಿಗೆ ಹೆಚ್ಚು ತೂಕ ಕೊಡುವ ಸೆಂಟರ್ ವೇಟೆಡ್ ಮೀಟರ್ ದಡ್ಡ, ಆದರೆ ಯಾವಾಗಲೂ ಒಂದೇ ತರಹದ ದಡ್ಡ. ಅದನ್ನು ನಂಬಬಹುದು. ಅಂಗೈಗೆ ಬೆಳಕು ಬೀಳುವಂತೆ ಹಿಡಿದು ಮೀಟರ್ ಓದಿ, ಒಂದು ಸ್ಟಾಪ್ ಜಾಸ್ತಿ ಕೊಟ್ಟರೆ ಸಾಕು. ಮನೆಯೊಳಗೆ, ಕಿಟಕಿ ಬೆಳಕಿನಲ್ಲಿ ನಾನು ಮೀಟರ್ ಓದುವ ಜಾಗ ಬೇರೆ. ಅದನ್ನು ಇಲ್ಲಿ ಹೇಳುವುದಿಲ್ಲ, ನನ್ನ ಒಳ್ಳೆಯ ಪೋರ್ಟ್ರೇಟ್‌ಗಳೆಲ್ಲ ಅದರಿಂದಲೇ ಬಂದಿವೆ.

ಟೇಪ್ ಲೆಕ್ಕ ಮುಗಿದ ಮೇಲೆ ಆ ಬಾಡಿ, ಜೂಮ್ ಲೆನ್ಸ್ ಎರಡನ್ನೂ ಮಾರಿದೆ. ಬಂದ ದುಡ್ಡಿನ ಮುಕ್ಕಾಲು ಪಾಲಿನಲ್ಲಿ ಹಳೆಯ ನಿಕಾನ್ ಎಫ್‌ಎಂ2 ಜೊತೆಗೆ ಒಂದು 50, ಒಂದು 28 ಎಂಎಂ ಲೆನ್ಸ್ ಬಂತು. ಉಳಿದ ಕಾಲು ಪಾಲು ಫಿಲ್ಮ್‌ಗೆ ಹೋಯಿತು, ಹದಿನೈದು ರೋಲ್ ಹತ್ತಿರ ಬಂದಿರಬೇಕು. ಎಫ್‌ಎಂ2ನಲ್ಲಿ ಕಾಂಪೆನ್ಸೇಷನ್ ಡಯಲ್ ಇಲ್ಲ, ಲಾಕ್ ಇಲ್ಲ. ಎಲ್ಲವೂ ಮ್ಯಾನುಯಲ್ ಆದ್ದರಿಂದ ಎರಡೂ ಬೇಕಿಲ್ಲ. ಡೆಪ್ತ್ ಪ್ರಿವ್ಯೂ ಇದೆ, ಸ್ಪ್ಲಿಟ್ ಇಮೇಜ್ ಇದೆ. ಸೆಲ್ಫ್ ಟೈಮರ್ ಹಾಕಿದರೆ ಕನ್ನಡಿ ಮೊದಲೇ ಮೇಲೆದ್ದು ನಿಲ್ಲುತ್ತದೆ, ಶಟರ್ ಆಮೇಲೆ ತೆರೆಯುತ್ತದೆ. ಕನ್ನಡಿ ಏಳುವಾಗಿನ ಅದುರು ಚಿತ್ರಕ್ಕೆ ಸೇರುವುದಿಲ್ಲ. ಟ್ರೈಪಾಡ್ ಮೇಲೆ 1/8, 1/15 ಸೆಕೆಂಡಿನಲ್ಲಿ ಈ ವ್ಯತ್ಯಾಸ ನೆಗೆಟಿವ್‌ನಲ್ಲೇ ಕಾಣುತ್ತದೆ. ಸೆಲ್ಫ್ ಟೈಮರನ್ನು ನನ್ನ ಫೋಟೋ ತೆಗೆದುಕೊಳ್ಳಲು ನಾನು ಬಳಸುವುದೇ ಇಲ್ಲ.

ಜನ ಎಫ್‌ಎಂ2 ಕೊಳ್ಳುವುದು 1/4000 ಸೆಕೆಂಡಿನ ಶಟರ್ ಸ್ಪೀಡ್‌ಗೆ. ಲೆಕ್ಕ ಹಾಕಿ ನೋಡಿ. ಬಿಸಿಲಲ್ಲಿ 400ರ ಫಿಲ್ಮ್‌ಗೆ ಎಫ್/16, 1/400. ಎಫ್/2 ಬೇಕೆಂದರೆ ಆರು ಸ್ಟಾಪ್ ಮೇಲೆ ಹೋಗಬೇಕು, 1/25000ದ ಆಸುಪಾಸು. 1/4000 ಎಲ್ಲಿ ಸಾಕಾಗುತ್ತದೆ? 100ರ ಫಿಲ್ಮ್‌ನಲ್ಲಿ ಎಫ್/2.8ರವರೆಗೆ ಅದರಿಂದ ಕೆಲಸ ಆಗುತ್ತದೆ, ಅಷ್ಟೇ. ನನ್ನ ಬಹುಪಾಲು ಫ್ರೇಮ್ 1/60ರಿಂದ 1/500ರ ನಡುವೆ ಮುಗಿಯುತ್ತದೆ. 1/4000ಕ್ಕಾಗಿ ಜಾಸ್ತಿ ದುಡ್ಡು ಕೊಡಬೇಡಿ. ಪೆಂಟಾಕ್ಸ್ ಕೆ1000 1/1000ದಲ್ಲೇ 1976ರಿಂದ 1997ರವರೆಗೆ ಓಡಿತು. ಅದರಲ್ಲಿ ಡೆಪ್ತ್ ಪ್ರಿವ್ಯೂ, ಸೆಲ್ಫ್ ಟೈಮರ್ ಎರಡೂ ಇಲ್ಲ ಅನ್ನುವ ಒಂದೇ ಕಾರಣಕ್ಕೆ ನಾನು ಬಿಟ್ಟೆ.

ಮಧ್ಯೆ ಸುಮ್ನೆ ಎಫ್‌ಎಂ2ನಲ್ಲಿ ಒಂದೇ ಫ್ರೇಮ್ ಮೇಲೆ ಎರಡು ಚಿತ್ರ ತೆಗೆಯುವ ಮಲ್ಟಿಪಲ್ ಎಕ್ಸ್‌ಪೋಷರ್ ಲಿವರ್ ಕೂಡ ಆಡಿಸಿ ನೋಡಿದೆ. ಮರದ ಕಪ್ಪು ಆಕಾರದ ಮೇಲೆ ಗೋಡೆಯ ಟೆಕ್ಸ್‌ಚರ್. ಕಪ್ಪಿರುವ ಕಡೆ ಮಾತ್ರ ಎರಡನೆಯ ಚಿತ್ರ ಚೆನ್ನಾಗಿ ಕೂರುತ್ತದೆ, ಅದಕ್ಕೆ ಎರಡಕ್ಕೂ ಒಂದೊಂದು ಸ್ಟಾಪ್ ಕಡಿಮೆ ಕೊಟ್ಟೆ. ಒಂದೆರಡು ಫ್ರೇಮ್ ಬಹಳ ಚೆನ್ನಾಗಿ ಬಂದವು, ಪ್ರಿಂಟ್ ಹಾಕಿಸಿದ್ದೇನೆ. ತಾರೀಕು ಒತ್ತುವ ಡೇಟಾ ಬ್ಯಾಕ್ ಸಹವಾಸ ಮಾತ್ರ ಬೇಡ. ಹಳೆಯವು ಎಷ್ಟೋ 2019ರ ಆಚೆಗೆ ವರ್ಷವನ್ನೇ ತೋರಿಸುವುದಿಲ್ಲ.

ಈಗ ಒಂದು ರೋಲ್‌ನಲ್ಲಿ ಫೋಕಸ್ ತಪ್ಪುವುದು ಎರಡು ಮೂರು ಫ್ರೇಮ್, ಎಕ್ಸ್‌ಪೋಷರ್ ತಪ್ಪುವುದು ಅದಕ್ಕಿಂತ ಕಡಿಮೆ. ಆಟೋ ಬಾಡಿಯಲ್ಲಿ ಇಷ್ಟು ಚೊಕ್ಕವಾದ ಕಾಂಟ್ಯಾಕ್ಟ್ ಶೀಟ್ (ರೋಲ್‌ನ ಎಲ್ಲ ಫ್ರೇಮ್ ಒಂದೇ ಹಾಳೆಯಲ್ಲಿರುವ ಪ್ರಿಂಟ್) ನನಗೆ ಯಾವತ್ತೂ ಬಂದಿರಲಿಲ್ಲ. ಅವತ್ತು ಬೇಡ ಅಂದವರಲ್ಲೇ ಇಬ್ಬರು ಈಗ ತಮ್ಮ ಬಾಡಿಗೆ ಟೇಪ್ ಅಂಟಿಸಿದ್ದಾರೆ. ಒಬ್ಬರು ಹಕ್ಕಿ ತೆಗೆಯುವವರು. ಅವರ ಆಟೋಫೋಕಸ್ ಟೇಪ್ ಮೊದಲ ಬೆಳಗ್ಗೆಯೇ ಕಿತ್ತುಹೋಯಿತು, ಹಾರುವ ಹಕ್ಕಿಗೆ ಅದು ಬೇಕೇ ಬೇಕು. ನೀವೂ ಅಂಟಿಸುವುದಾದರೆ ಪೇಂಟ್ ಕೆಲಸದ ಪೇಪರ್ ಟೇಪೇ ಇರಲಿ. ಸೆಲ್ಲೋ ಟೇಪ್ ಅಂಟು ರಬ್ಬರ್ ಗ್ರಿಪ್ ಮೇಲೆ ಕೂತರೆ ಮಾರುವಾಗ ಬೆಲೆ ಬೀಳುತ್ತದೆ.