ಶಾಸಕರ ಕೈಗೆ ಒಂದೇ ಹಾಳೆ: ಎನ್‌ಪಿಎಸ್ ವಿರುದ್ಧ ನೌಕರರ ಸಂಘದ ನಮ್ಮ ತಾಲೂಕು ಶಾಖೆ ಕೆಲಸ ಮಾಡಿದ ರೀತಿ

ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಂದು ಮತ್ತು ಆನಂತರ ಸರ್ಕಾರಿ ಸೇವೆಗೆ ಸೇರಿದವರಿಗೆ ಹಳೆ ಪದ್ಧತಿಯ ನಿಶ್ಚಿತ ಪಿಂಚಣಿ ಇಲ್ಲ. ಇರುವುದು ಎನ್‌ಪಿಎಸ್, ಅಂದರೆ ನೌಕರರು ಮತ್ತು ಸರ್ಕಾರ ಇಬ್ಬರೂ ಖಾತೆಗೆ ಹಣ ಕಟ್ಟುವ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 10 ನಮ್ಮ ಸಂಬಳದಿಂದ ಕಡಿತವಾಗುತ್ತದೆ. ಸರ್ಕಾರದ ವಂತಿಗೆ ಮೊದಲು ಶೇ. 10 ಇತ್ತು, 2019ರಿಂದ ಶೇ. 14. ನೌಕರರಿಗೆಲ್ಲ ಇದು ಬಾಯಿಪಾಠ. ಶಾಸಕರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ, ಗೊತ್ತಿರಬೇಕೆಂದು ನಿರೀಕ್ಷಿಸುವುದೂ ತಪ್ಪು. ನಾವು ಶುರು ಮಾಡಿದಾಗ ಹಳೆ ಪಿಂಚಣಿಗೆ ಮರಳಿಸಿ ಎಂಬ ಹತ್ತು ಪುಟದ ಮನವಿ, ಹೂಹಾರ, ಫೋಟೊ ಎಲ್ಲವೂ ಇದ್ದವು. ಮರುದಿನ ಪೇಪರಿನಲ್ಲಿ ಸುದ್ದಿ ಬಂತು, ಕಡತ ಮಾತ್ರ ಎಲ್ಲೂ ಹುಟ್ಟಲಿಲ್ಲ. ಆಮೇಲೆ ಪದ್ಧತಿ ಬದಲಿಸಿದೆವು.

ಮೊದಲ ಕೆಲಸ ಲೆಕ್ಕ. ಶಾಸಕರು ಕೇಳುವುದು ‘ನನ್ನ ಕ್ಷೇತ್ರದಲ್ಲಿ ಎಷ್ಟು ಜನ?’ ಎಂದು. ರಾಜ್ಯದ ಒಟ್ಟು ಸಂಖ್ಯೆ ಹೇಳಿದರೆ ಅವರ ಮುಖದಲ್ಲಿ ಏನೂ ಬದಲಾಗುವುದಿಲ್ಲ. ಸಂಬಳ ಸೆಳೆಯುವ ಅಧಿಕಾರಿಗಳ ಕಚೇರಿಗಳು ತಾಲೂಕುವಾರು ಇರುತ್ತವೆ, ವಿಧಾನಸಭಾ ಕ್ಷೇತ್ರದ ಗಡಿ ಹೋಬಳಿಗಳನ್ನು ಆಚೀಚೆ ಹಂಚಿಕೊಂಡಿರುತ್ತದೆ. ಹಾಗಾಗಿ ಶಾಲೆ, ಆಸ್ಪತ್ರೆ, ಗ್ರಾಮ ಪಂಚಾಯಿತಿ, ನಾಡಕಚೇರಿ ಹಿಡಿದು ಪಟ್ಟಿ ಮಾಡಬೇಕು. ಎರಡು ಕಾಲಂ ಇಟ್ಟೆವು: ಕ್ಷೇತ್ರದಲ್ಲಿ ಕೆಲಸ ಮಾಡುವವರು, ಕ್ಷೇತ್ರದಲ್ಲಿ ಮತ ಇರುವವರು. ಎರಡನೆಯದು ಸಾಮಾನ್ಯವಾಗಿ ಚಿಕ್ಕದು, ಏಕೆಂದರೆ ಶಿಕ್ಷಕರಲ್ಲಿ ಬಹಳ ಮಂದಿಯ ಮತ ಸ್ವಂತ ಊರಿನಲ್ಲಿರುತ್ತದೆ. ಅದನ್ನು ಮುಚ್ಚಿಡಬಾರದು. ಬೂತ್ ಮಟ್ಟದ ಲೆಕ್ಕ ಶಾಸಕರಿಗೆ ನಮಗಿಂತ ಚೆನ್ನಾಗಿ ಗೊತ್ತು, ಉಬ್ಬಿಸಿದ ಸಂಖ್ಯೆ ಒಮ್ಮೆ ಸಿಕ್ಕಿಬಿದ್ದರೆ ಮುಂದಿನ ಮಾತಿಗೆ ಬೆಲೆ ಇರುವುದಿಲ್ಲ. ನಿಗಮ, ಸಾರಿಗೆ ಸಂಸ್ಥೆಗಳ ಇಪಿಎಫ್ (ಭವಿಷ್ಯ ನಿಧಿ) ನೌಕರರನ್ನೂ ಈ ಪಟ್ಟಿಗೆ ಸೇರಿಸಬೇಡಿ. ಅವರ ಸಮಸ್ಯೆ ನಿಜವಾದದ್ದೇ, ಆದರೆ ಕಾನೂನು ಬೇರೆ.

ಎರಡನೆಯದು ಹೋಲಿಕೆಯ ಲೆಕ್ಕ. ಹೆಚ್ಚಿನ ಶಾಖೆಗಳು ಎಡವುವುದು ಇಲ್ಲೇ. ವಾಟ್ಸಾಪ್‌ನಲ್ಲಿ ಓಡಾಡುವ ಕೋಷ್ಟಕ ಹೀಗಿರುತ್ತದೆ: ಕೊನೆಯ ಮೂಲ ವೇತನ 60,000 ರೂಪಾಯಿ, ಹಳೆ ಪಿಂಚಣಿಯಾದರೆ 30,000, ಎನ್‌ಪಿಎಸ್‌ನಲ್ಲಿ 4,000. ನೋಡಿದವರಿಗೆ ಎದೆ ಝಲ್ ಎನ್ನುತ್ತದೆ, ಆದರೆ ಆರ್ಥಿಕ ಇಲಾಖೆಯ ಅಧಿಕಾರಿ ಎರಡೇ ನಿಮಿಷದಲ್ಲಿ ಹರಿದು ಹಾಕುತ್ತಾರೆ. ಪೂರ್ಣ ಅರ್ಹತಾ ಸೇವೆ ಇಲ್ಲದವರಿಗೆ ಹಳೆ ಪದ್ಧತಿಯಲ್ಲೂ ಅರ್ಧ ಸಿಗುವುದಿಲ್ಲ, ಅನುಪಾತದ ಪ್ರಕಾರ ಕಡಿಮೆಯಾಗುತ್ತದೆ. ನಾವು ಹಾಳೆಯಲ್ಲಿ ಹಾಕಿದ ಉದಾಹರಣೆ ಇದು: ಪೂರ್ಣ ಸೇವೆಯ ಮೂರನೇ ಎರಡು ಭಾಗ ಮುಗಿಸಿ, 60,000 ಮೂಲ ವೇತನದಲ್ಲಿ ನಿವೃತ್ತರಾಗುವವರು. ಹಳೆ ಪದ್ಧತಿಯಲ್ಲಿ ತಿಂಗಳಿಗೆ 20,000 ಮತ್ತು ಅದರ ಮೇಲೆ ತುಟ್ಟಿಭತ್ಯೆ. ಎನ್‌ಪಿಎಸ್ ಖಾತೆಯಲ್ಲಿ 20 ಲಕ್ಷ ಇದೆ ಎಂದಿಟ್ಟುಕೊಳ್ಳಿ. ಶೇ. 60, ಅಂದರೆ 12 ಲಕ್ಷ ಕೈಗೆ ಬರುತ್ತದೆ. ಉಳಿದ 8 ಲಕ್ಷಕ್ಕೆ ಆನ್ಯುಟಿ, ಅಂದರೆ ಜೀವನಪೂರ್ತಿ ನಿಗದಿತ ಮೊತ್ತ ಕೊಡುವ ವಿಮಾ ಯೋಜನೆ, ಕೊಳ್ಳಬೇಕು. ವರ್ಷಕ್ಕೆ ಶೇ. 6 ಸಿಕ್ಕರೆ 48,000, ತಿಂಗಳಿಗೆ 4,000. ‘12 ಲಕ್ಷ ಕೊಟ್ಟೆವಲ್ಲ’ ಎಂಬ ಮಾತು ಬಂದೇ ಬರುತ್ತದೆ. ಅದನ್ನೂ ಶೇ. 6ಕ್ಕೆ ಇಟ್ಟರೆ ತಿಂಗಳಿಗೆ 6,000, ಒಟ್ಟು 10,000. ಅಂದರೆ ಅರ್ಧ. ಈ ಅರ್ಧವೂ ಸಾಯುವವರೆಗೆ ಅಷ್ಟೇ ಇರುತ್ತದೆ, ಬೆಲೆ ಏರಿದರೂ ಏರುವುದಿಲ್ಲ. ಊಹೆಗಳನ್ನೆಲ್ಲ ಹಾಳೆಯ ಅಡಿಯಲ್ಲಿ ಸಣ್ಣಕ್ಷರದಲ್ಲಿ ಬರೆದೆವು. ಅಂಕಿ ಸಣ್ಣದಾಯಿತು, ನಿಜ. ಆದರೆ ಇಲಾಖೆಯವರು ಅಲ್ಲಾಡಿಸಲಾಗದ ಅಂಕಿ ಅದು.

ಹಾಳೆ ಒಂದೇ ಇರಲಿ. ಮೇಲೆ ಸಂಘದ ನೋಂದಣಿ ಸಂಖ್ಯೆ, ನಡುವೆ ಕ್ಷೇತ್ರದ ಸಂಖ್ಯೆ ಮತ್ತು ಹೋಲಿಕೆ, ಕೊನೆಗೆ ಒಂದೇ ಒಂದು ಬೇಡಿಕೆ. ಶಾಸಕರು ಮುಖ್ಯಮಂತ್ರಿಗೆ ಬರೆಯಬೇಕಾದ ಪತ್ರದ ಕರಡನ್ನೂ ಜೊತೆಗೆ ಕೊಡಿ, ಅವರ ಲೆಟರ್‌ಹೆಡ್‌ಗೆ ಹೊಂದುವ ಉದ್ದದಲ್ಲಿ. ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಕಳಿಸಿದ ಕಡತ ಆಪ್ತ ಸಹಾಯಕರ ಮೊಬೈಲಿನಲ್ಲಿ ಬರೀ ಗೀಟುಗಳಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಪಿಡಿಎಫ್ ಮತ್ತು ವರ್ಡ್ ಎರಡೂ ಕೊಡಿ.

ಭೇಟಿಗೆ ಐದು ಜನ ಸಾಕು. ಒಬ್ಬರು ಮಾತಾಡಬೇಕು, ಒಬ್ಬರು ಬರೆದುಕೊಳ್ಳಬೇಕು. ಬೆಳಿಗ್ಗೆ ಮನೆ ಮುಂದೆ ಜನ ಸೇರುವ ಹೊತ್ತಿಗೆ ಹೋದರೆ ವರ್ಗಾವಣೆ, ಪಡಿತರ, ರಸ್ತೆಯ ಅಹವಾಲುಗಳ ನಡುವೆ ನಮ್ಮದೂ ಒಂದಾಗುತ್ತದೆ. ಅಧಿವೇಶನಕ್ಕೆ ಮೊದಲಿನ ವಾರ, ಆಪ್ತ ಸಹಾಯಕರ ಮೂಲಕ ಹದಿನೈದು ನಿಮಿಷ ಕೇಳಿ ಪಡೆಯುವುದು ಮೇಲು. ಒಂದು ಎಚ್ಚರಿಕೆ: ಸೇವಾ ವಿಷಯಕ್ಕೆ ರಾಜಕೀಯ ಪ್ರಭಾವ ತರುವುದನ್ನು ನಡತೆ ನಿಯಮಗಳು ನಿಷೇಧಿಸುತ್ತವೆ. ಆದ್ದರಿಂದ ಮನವಿ ಸಂಘದ ಹೆಸರಿನಲ್ಲೇ ಹೋಗಬೇಕು. ಯಾರದೋ ವರ್ಗಾವಣೆ ಚೀಟಿಯನ್ನು ಅದೇ ಭೇಟಿಯಲ್ಲಿ ಜೇಬಿನಿಂದ ತೆಗೆಯುವವರನ್ನು ನಿಯೋಗಕ್ಕೆ ಸೇರಿಸಿಕೊಳ್ಳಲೇಬೇಡಿ. ಚುನಾವಣಾ ನೀತಿ ಸಂಹಿತೆ ಜಾರಿಯಲ್ಲಿದ್ದಾಗ ಈ ಓಡಾಟ ಪೂರ್ತಿ ನಿಲ್ಲಿಸಿ.

ಯಾರ ಬಳಿ ಹೋಗಬೇಕು? ವಿಧಾನಸಭೆಯ 224 ಮಂದಿಯ ಮೇಲೆ ಸಮನಾಗಿ ಶಕ್ತಿ ಹಾಕುವುದು ವ್ಯರ್ಥ. ವಿಧಾನ ಪರಿಷತ್ತಿನ 75 ಸದಸ್ಯರಲ್ಲಿ 7 ಮಂದಿ ಶಿಕ್ಷಕರ ಕ್ಷೇತ್ರದಿಂದ, 7 ಮಂದಿ ಪದವೀಧರರ ಕ್ಷೇತ್ರದಿಂದ ಬರುತ್ತಾರೆ. ಅವರ ಮತದಾರರಲ್ಲಿ ನಮ್ಮವರ ಪಾಲು ದೊಡ್ಡದು, ಹಾಗಾಗಿ ಅವರ ಬಾಯಿಂದ ಈ ವಿಷಯ ತೆಗೆಸುವುದು ಸುಲಭ. ಆಡಳಿತ ಪಕ್ಷ, ವಿರೋಧ ಪಕ್ಷ ಎರಡರಿಂದಲೂ ಒಬ್ಬೊಬ್ಬರು ಬೇಕು. ಒಂದೇ ಪಕ್ಷದವರು ಮಾತಾಡಿದರೆ ಚರ್ಚೆ ಪಿಂಚಣಿ ಬಿಟ್ಟು ಪಕ್ಷಗಳ ಕಿತ್ತಾಟಕ್ಕೆ ಹೋಗುತ್ತದೆ.

ಸದನದ ಕೆಲಸದಲ್ಲಿ ನಮಗೆ ಹೆಚ್ಚು ದಕ್ಕಿದ್ದು ಪ್ರಶ್ನೆಗಳಿಂದ. ಪರಿಷತ್ತಿನಲ್ಲಿ ವಿಷಯ ಎತ್ತಲು ನಿಯಮ 330, ಗಮನ ಸೆಳೆಯುವ ಸೂಚನೆ, ಶೂನ್ಯವೇಳೆ ಎಲ್ಲವೂ ಇವೆ, ಆದರೆ ಅಂಕಿ ಅಂಶ ಲಿಖಿತವಾಗಿ ಹೊರಬರುವುದು ಪ್ರಶ್ನೆಯಲ್ಲೇ. ಅಧಿವೇಶನದ ವೇಳಾಪಟ್ಟಿ ಬಂದ ದಿನವೇ ಪ್ರಶ್ನೆ ಕೊಡಲು ಕೊನೆಯ ದಿನಾಂಕ ಯಾವುದೆಂದು ನೋಡಿ, ಕರಡನ್ನು ಅದಕ್ಕೆ ವಾರ ಮೊದಲೇ ತಲುಪಿಸಿ. ‘ಹಳೆ ಪಿಂಚಣಿ ಜಾರಿಗೊಳಿಸುವ ಪ್ರಸ್ತಾವ ಇದೆಯೇ?’ ಎಂದು ಕೇಳಿದರೆ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಪದದಲ್ಲಿ ಮುಗಿಯುತ್ತದೆ. ಹೀಗೆ ಬಿಡಿಸಿ ಕೇಳಿ: (ಅ) 1-4-2006ರಂದು ಮತ್ತು ಆನಂತರ ಸೇರಿದವರು ಇಲಾಖಾವಾರು ಎಷ್ಟು? (ಆ) ಪ್ರತಿ ವರ್ಷ ಸರ್ಕಾರ ಪಾವತಿಸಿದ ವಂತಿಗೆ ಎಷ್ಟು? (ಇ) ಇವರಲ್ಲಿ ಈವರೆಗೆ ನಿವೃತ್ತರಾದವರು ಎಷ್ಟು, ಅವರು ಪಡೆಯುತ್ತಿರುವ ಮಾಸಿಕ ಪಿಂಚಣಿ ಎಷ್ಟು? (ಈ) ಇತರ ರಾಜ್ಯಗಳ ಪದ್ಧತಿ ಅಧ್ಯಯನಕ್ಕೆ 2023ರಲ್ಲಿ ರಚಿಸಿದ ಸಮಿತಿಯ ವರದಿ ಯಾವ ಹಂತದಲ್ಲಿದೆ? ‘ಮಾಹಿತಿ ಕ್ರೋಢೀಕರಿಸಲಾಗುತ್ತಿದೆ’ ಎಂಬ ಉತ್ತರ ಬಂದರೆ ನಿರಾಶೆ ಬೇಡ, ಮುಂದಿನ ಅಧಿವೇಶನದಲ್ಲಿ ಆ ಉತ್ತರದ ಸಂಖ್ಯೆ ಹಿಡಿದೇ ಇನ್ನೊಂದು ಪ್ರಶ್ನೆ ಹಾಕಿಸಿ.

ಖರ್ಚಿನ ಪ್ರಶ್ನೆಗೆ ಉತ್ತರ ಇಲ್ಲದೆ ಹೋಗಬಾರದು. ಹಳೆ ಪದ್ಧತಿಗೆ ಮರಳಿದರೆ ಶೇ. 14 ವಂತಿಗೆ ಅಂದೇ ಉಳಿಯುತ್ತದೆ, ನಿಜ. ಹೊರೆ ಬರುವುದು ಆ ತಲೆಮಾರು ನಿವೃತ್ತಿಯಾಗುವಾಗ. 2023ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ರಾಜ್ಯಗಳನ್ನು ಎಚ್ಚರಿಸಿದ್ದೂ ಇದನ್ನೇ. ‘ಖರ್ಚೇ ಇಲ್ಲ’ ಎಂದು ವಾದಿಸಿದರೆ ಸೋಲುತ್ತೀರಿ. ಉಳಿಯುವ ವಂತಿಗೆಯನ್ನು ಬೇರೆ ನಿಧಿಯಲ್ಲಿಡಿ ಎಂಬ ಬೇಡಿಕೆಯನ್ನು ನಾವೇ ಮುಂದಿಟ್ಟೆವು. ಹಳೆ ಪದ್ಧತಿಗೆ ಮರಳುವುದಾಗಿ ಘೋಷಿಸಿದ ರಾಜಸ್ಥಾನ, ಛತ್ತೀಸಗಢ, ಹಿಮಾಚಲ ಪ್ರದೇಶಗಳ ಹೆಸರು ಹೇಳುವಾಗ ಇನ್ನೊಂದು ಮಾತೂ ಸೇರಿಸಬೇಕು: ಈಗಾಗಲೇ ಜಮೆಯಾದ ಹಣವನ್ನು ರಾಜ್ಯಕ್ಕೆ ಮರಳಿಸಲು ಪಿಎಫ್‌ಆರ್‌ಡಿಎ (ಪಿಂಚಣಿ ನಿಧಿ ನಿಯಂತ್ರಣ ಪ್ರಾಧಿಕಾರ) ಕಾಯ್ದೆಯಲ್ಲಿ ಅವಕಾಶವಿಲ್ಲ ಎಂದು ಕೇಂದ್ರ ಹೇಳಿದೆ. ಹಾಗಾಗಿ ಆ ಭಾಗದ ಮನವಿ ಹೋಗಬೇಕಾದದ್ದು ಲೋಕಸಭಾ ಸದಸ್ಯರಿಗೆ.

ಕಿರಿದಾದ ಬೇಡಿಕೆ ಬೇಗ ಸಾಗುತ್ತದೆ. ಕೇಂದ್ರದ ಎನ್‌ಪಿಎಸ್ ಅಧಿಸೂಚನೆಯ ದಿನವಾದ 22-12-2003ಕ್ಕೆ ಮೊದಲೇ ಹೊರಡಿಸಿದ ನೇಮಕಾತಿ ಅಧಿಸೂಚನೆಯ ಹುದ್ದೆಗಳಿಗೆ ಆನಂತರ ಸೇರಿದವರಿಗೆ ಹಳೆ ಪಿಂಚಣಿ ಆಯ್ದುಕೊಳ್ಳುವ ಅವಕಾಶವನ್ನು ಕೇಂದ್ರ 2023ರ ಮಾರ್ಚ್‌ನಲ್ಲಿ ಕೊಟ್ಟಿತು. ಆ ಜ್ಞಾಪನದ ಪ್ರತಿ ಲಗತ್ತಿಸಿದ ಮೇಲೆ ‘ಇದಕ್ಕೆ ಪೂರ್ವನಿದರ್ಶನ ಏನು?’ ಎಂಬ ಪ್ರಶ್ನೆ ಕಡಿಮೆಯಾಯಿತು. 1-4-2006ಕ್ಕೆ ಮುಂಚಿನ ಅಧಿಸೂಚನೆಯ ಮೂಲಕ ನೇಮಕವಾದ ಸುಮಾರು 13,000 ಮಂದಿಗೆ ಹಳೆ ಪಿಂಚಣಿ ಕೊಡಲು ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಆದೇಶ ಮಾಡಿತು. ಇದು ಒಂದು ಶಾಖೆಯ ಸಾಧನೆಯಲ್ಲ, ಹಲವು ವರ್ಷ ಹಲವರು ತಳ್ಳಿದ ಗಾಡಿ. ಕಿರಿದಾದ ಬೇಡಿಕೆ ಒಪ್ಪಿದರೆ ಉಳಿದವರ ಹೋರಾಟ ಸಡಿಲವಾಗುತ್ತದೆ ಎಂದು ನಮ್ಮಲ್ಲೇ ಜಗಳವಾಗಿತ್ತು. ಆ ಭಯ ಪೂರ್ತಿ ಸುಳ್ಳೂ ಆಗಲಿಲ್ಲ: ಆದೇಶ ಬಂದ ಮೇಲೆ ಸಭೆಗಳಲ್ಲಿ ಕುರ್ಚಿ ಖಾಲಿ ಉಳಿದವು.

ಈಗ ಕೇಂದ್ರದ ಯುಪಿಎಸ್‌ಗೆ (ಏಕೀಕೃತ ಪಿಂಚಣಿ ಯೋಜನೆ) ಪ್ರತ್ಯೇಕ ಹಾಳೆ ಮಾಡಿದ್ದೇವೆ. 25 ವರ್ಷ ಸೇವೆಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ, 10 ವರ್ಷ ಸೇವೆಗೆ ಕನಿಷ್ಠ 10,000 ರೂಪಾಯಿ. ಇದರ ಪಕ್ಕದಲ್ಲಿ ದಪ್ಪಕ್ಷರದಲ್ಲಿ ಹಾಕಿರುವುದು ಒಂದೇ ಸಾಲು: ನೌಕರರ ಶೇ. 10 ಕಡಿತ ಇಲ್ಲೂ ಮುಂದುವರಿಯುತ್ತದೆ.