ಕ್ಯಾಶುಯಲ್ಟಿ ರಶ್ ಕಡಿಮೆ ಮಾಡಬೇಕಾ? ವಾರ್ಡಿನಿಂದ ಶುರು ಮಾಡಿ

ಕ್ಯಾಶುಯಲ್ಟಿಯಲ್ಲಿ ಕಾಲಿಡಲು ಜಾಗ ಇಲ್ಲ ಅಂದಾಗ ಎಲ್ಲರೂ ಬೈಯುವುದು ನೆಗಡಿ, ಜ್ವರಕ್ಕೆ ಬಂದವರನ್ನು. ಜಿಲ್ಲಾ ಆಸ್ಪತ್ರೆಯೊಂದರ ಕ್ಯಾಶುಯಲ್ಟಿಯಲ್ಲಿ ಇನ್‌ಚಾರ್ಜ್ ಸಿಸ್ಟರ್ ಆಗಿ ನಾನು ಕಂಡದ್ದು ಬೇರೆ. ಜ್ವರದವರು ಬೆಂಚಿನಲ್ಲಿ ಕೂತಿದ್ದು, ಮಾತ್ರೆ ತಗೊಂಡು ಹೋಗುತ್ತಾರೆ. ಅವರಿಗೆ ಟ್ರಾಲಿ ಬೇಡ. ಟ್ರಾಲಿ ಮೇಲಿರುವವರಲ್ಲಿ ಜಾಸ್ತಿ ಜನ ಅಡ್ಮಿಷನ್ ಬರೆಸಿಕೊಂಡು, ಮೇಲೆ ಬೆಡ್ ಸಿಗದೆ ಉಳಿದವರು.

ನಂಬಿಕೆ ಬರದಿದ್ದರೆ ಒಂದು ವಾರ ಲೆಕ್ಕ ಇಡಿ. ಪ್ರತಿ ಶಿಫ್ಟ್ ಹ್ಯಾಂಡೋವರ್‌ನಲ್ಲಿ ಒಂದೊಂದು ಟ್ರಾಲಿ ಮುಂದೆಯೂ ನಿಂತು, ಈ ರೋಗಿ ಯಾವುದಕ್ಕೆ ಕಾಯುತ್ತಿದ್ದಾರೆ ಎಂದು ಬರೆಯಿರಿ. ಡಾಕ್ಟರಿಗಾ, ಲ್ಯಾಬ್ ರಿಪೋರ್ಟಿಗಾ, ಸ್ಕ್ಯಾನಿಗಾ, ಬೆಡ್ಡಿಗಾ? ಎಲ್ಲಿ ಸಿಕ್ಕಿಕೊಂಡಿದೆ ಅಂತ ತಾನಾಗೇ ಗೊತ್ತಾಗುತ್ತದೆ.

ಈಗ ವಾರ್ಡಿಗೆ ಹೋಗಿ ನೋಡಿ. ಬೆಳಗಿನ ರೌಂಡ್ಸ್‌ನಲ್ಲೇ ಮನೆಗೆ ಹೋಗಿ ಎಂದಿರುತ್ತಾರೆ. ಅಜ್ಜ ಪಂಚೆ ಉಟ್ಟು, ಚಪ್ಪಲಿ ಮೆಟ್ಟಿ, ಚೀಲ ಕಟ್ಟಿಕೊಂಡು ಬೆಡ್ ಅಂಚಿಗೆ ಕೂತಿದ್ದಾರೆ. ಡಿಸ್ಚಾರ್ಜ್ ಸಮ್ಮರಿಗೆ ಒಂದು ಸಹಿ ಬಾಕಿ, ಆಯುಷ್ಮಾನ್ ಫೈಲ್ ಇನ್ನೂ ಟೇಬಲ್ ಮೇಲೆ. ಸಂಜೆ ನಾಲ್ಕಾದರೂ ಬೆಡ್ ಬಿಡುವುದಿಲ್ಲ. ಅದೇ ಹೊತ್ತಿಗೆ ಕೆಳಗೆ ಉಬ್ಬಸದ ಅಜ್ಜಿಯೊಬ್ಬರು ಟ್ರಾಲಿಯಲ್ಲಿ ಆಕ್ಸಿಜನ್ ಹಾಕಿಸಿಕೊಂಡು ಮಲಗಿರುತ್ತಾರೆ. ಇದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ನಾಳೆ ಹೋಗುವವರ ಸಮ್ಮರಿಯನ್ನು ಇವತ್ತು ಸಂಜೆಯೇ ಬರೆದಿಡಿಸಿ. ರೌಂಡ್ಸ್‌ನಲ್ಲಿ ಸೀರಿಯಸ್ ಇರುವವರನ್ನು ನೋಡಿದ ಕೂಡಲೇ ಮನೆಗೆ ಹೋಗುವವರನ್ನು ನೋಡಲಿ. ಹೊರಡಲು ರೆಡಿಯಾದವರು ಕಾಗದಕ್ಕೆ ಕಾಯಲು ಕುರ್ಚಿ, ಫ್ಯಾನ್, ಕುಡಿಯುವ ನೀರು ಇರುವ ಒಂದು ಕೋಣೆ ಸಾಕು. ಎಲ್ಲ ವಾರ್ಡೂ ತುಂಬಿದ ದಿನ ಕೆಳಗೆ ಬೆಡ್ಡಿಗೆ ಕಾಯುತ್ತಿರುವವರಲ್ಲಿ ಒಬ್ಬೊಬ್ಬರನ್ನು ಪ್ರತಿ ವಾರ್ಡೂ ತನ್ನ ಕಾರಿಡಾರಿನಲ್ಲಿ ಹಾಕಿಕೊಳ್ಳಲಿ. ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ಆಸ್ಪತ್ರೆಯಲ್ಲಿ ಈ ಪದ್ಧತಿ ತಂದರು. ಎಲ್ಲರನ್ನೂ ಕ್ಯಾಶುಯಲ್ಟಿಯಲ್ಲೇ ಒಟ್ಟುವುದಕ್ಕಿಂತ ಇದು ಎಷ್ಟೋ ಮೇಲು.

ಇನ್ನು ಬಾಗಿಲು. ಚೀಟಿ ಮಾಡಿಸಿ ಆಮೇಲೆ ಬನ್ನಿ ಅನ್ನುವುದು ನಿಲ್ಲಬೇಕು. ಮೊದಲು ಸಿಸ್ಟರ್ ನೋಡಲಿ, ಚೀಟಿ ಆಮೇಲೆ. ಅನುಭವ ಇರುವ ಸಿಸ್ಟರನ್ನೇ ಬಾಗಿಲಲ್ಲಿ ಕೂರಿಸಿ. ಹೊಸಬರನ್ನು ಅಲ್ಲಿ ಹಾಕುವುದು ತಪ್ಪು ಅಂತ ನನ್ನ ಖಚಿತ ಅಭಿಪ್ರಾಯ. ಬಿಪಿ ಮೆಷಿನ್, ಪಲ್ಸ್ ಆಕ್ಸಿಮೀಟರ್, ಗ್ಲುಕೋಮೀಟರ್ ಕೈಯಳತೆಯಲ್ಲಿರಲಿ. ದಿಲ್ಲಿಯ ಏಮ್ಸ್‌ನಲ್ಲಿ ಮಾಡುವ ಹಾಗೆ ಎಷ್ಟು ತುರ್ತು ಅಂತ ನೋಡಿ ಕೆಂಪು (ತಕ್ಷಣ ನೋಡಬೇಕಾದವರು), ಹಳದಿ, ಹಸಿರು (ತುರ್ತಿಲ್ಲದವರು) ಎಂದು ವಿಂಗಡಿಸಿ. ಎದೆನೋವು ಅಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಿರಬೇಕು. ಬಾಯಿ ಸೊಟ್ಟಗಾಗಿದ್ದರೆ, ಕೈ ಬಿದ್ದಿದ್ದರೆ ಪಾರ್ಶ್ವವಾಯು ಇರಬಹುದು, ಕೊನೆಗೆ ಎಷ್ಟು ಗಂಟೆಗೆ ಸರಿಯಾಗಿದ್ದರು ಎಂದು ಕೇಳಿ ಬರೆದುಕೊಳ್ಳಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಆ ಹೊತ್ತಿನಿಂದ ನಾಲ್ಕೂವರೆ ಗಂಟೆಯೊಳಗೇ ಕೊಡಬೇಕು.

ಹಾವು ಕಚ್ಚಿದವರ ರಕ್ತ ಹೆಪ್ಪುಗಟ್ಟುತ್ತದಾ ನೋಡಲು ಲ್ಯಾಬ್ ರಿಪೋರ್ಟಿಗೆ ಕಾಯುವುದು ಬೇಡ. ಒಣಗಿದ, ಶುಭ್ರವಾದ ಗಾಜಿನ ಟ್ಯೂಬಿಗೆ 2 ಎಂಎಲ್ ರಕ್ತ ಹಾಕಿ, ಅಲ್ಲಾಡಿಸದೆ 20 ನಿಮಿಷ ಇಡಿ. ಆಮೇಲೆ ಒಂದು ಸಲ ಬಗ್ಗಿಸಿ. ನೀರಿನ ಹಾಗೆ ಹರಿದರೆ ಡಾಕ್ಟರನ್ನು ಕೂಗಿ. ಪ್ಲಾಸ್ಟಿಕ್ ಟ್ಯೂಬ್ ಬೇಡವೇ ಬೇಡ, ಫಲಿತಾಂಶ ತಪ್ಪುತ್ತದೆ. ಅಪಘಾತದ ಕೇಸಿನಲ್ಲಿ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ಕಾಗದ, ಪೊಲೀಸ್ ಅಂತ ಸುಮ್ನೆ ಕೂರಿಸಬೇಡಿ. ಮೊದಲು ಚಿಕಿತ್ಸೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಹಸಿರಿನವರಿಗೆ ಬೇರೆ ಟೇಬಲ್, ಬೇರೆ ಡಾಕ್ಟರ್ ಇರಲಿ, ಅದರಲ್ಲೂ ಒಪಿಡಿ ಮುಚ್ಚಿದ ಮೇಲೆ. ಆದರೆ ಹಸಿರು ಹಸಿರಾಗೇ ಉಳಿಯುತ್ತದೆ ಅಂದುಕೊಳ್ಳಬೇಡಿ. ಕಾಯುತ್ತಿರುವವರನ್ನು ಆಗಾಗ ಎದ್ದು ಹೋಗಿ ನೋಡಬೇಕು. ತಡವಾಗಿ ಬಂದವರನ್ನು ಮೊದಲು ಒಳಗೆ ಬಿಟ್ಟಾಗ ಕಾರಣವನ್ನೂ ಹೇಳಿ. "ಅಣ್ಣ, ಅವರಿಗೆ ಉಸಿರು ಸಿಗ್ತಿಲ್ಲ, ಆಮೇಲೆ ನಿಮ್ಮನ್ನ ಕರೀತೀವಿ" ಅಂದರೆ ಜನ ಒಪ್ಪುತ್ತಾರೆ.

ಬೆಡ್ಡಿಗೆ ಕಾಯುತ್ತಿರುವವರ ಪಟ್ಟಿ ಮಾತ್ರ ನಿಮ್ಮ ಡ್ಯೂಟಿ ರೂಮಿನಲ್ಲೇ ಉಳಿಯಬಾರದು. ದಿನಾ ಬೆಳಿಗ್ಗೆ ರೌಂಡ್ಸ್ ಶುರುವಾಗುವ ಮೊದಲು ಅದು ಆಸ್ಪತ್ರೆಯ ಮುಖ್ಯಸ್ಥರಾದ ಜಿಲ್ಲಾ ಸರ್ಜನ್ ಕೈಯಲ್ಲಿರಲಿ. ವಾರ್ಡಿನವರಿಗೆ ಬೆಡ್ ಬಿಡಿಸಿ ಅಂತ ನೀವು ಹೇಳಿದರೆ ಜಗಳ, ಸರ್ಜನ್ ಹೇಳಿದರೆ ಕೆಲಸ.